ಯಹೂದಿ ಮನೆಯಲ್ಲಿ ಸಾವಾದಾಗ: ಏಳು ದಿನ, ಮೂವತ್ತು ದಿನ, ಒಂದು ವರ್ಷ

2025ರ ಅಕ್ಟೋಬರ್‌ನಲ್ಲಿ ಗಾಜಾ ಕದನವಿರಾಮ ಆದ ಮೇಲೆ ಕೆಲವು ವಾರ ಟಿವಿಯಲ್ಲಿ ಒಂದೇ ಬಗೆಯ ಸುದ್ದಿ. ಇವತ್ತು ಇಷ್ಟು ಶವಪೆಟ್ಟಿಗೆ ಬಂತು, ಇನ್ನೂ ಇಷ್ಟು ಬರಬೇಕು ಅಂತ. ಬದುಕಿದ್ದ ಒತ್ತೆಯಾಳುಗಳೆಲ್ಲ ಆಗಲೇ ಇಸ್ರೇಲಿಗೆ ವಾಪಸಾಗಿದ್ದರು. ಆದರೂ ಸತ್ತವರ ದೇಹಗಳಿಗಾಗಿ ಮಾತುಕತೆ, ಒತ್ತಾಯ, ಬೀದಿಯಲ್ಲಿ ಜನ. ತೀರಿಕೊಂಡು ಎರಡು ವರ್ಷ ಆದವರ ದೇಹಕ್ಕೆ ಇಷ್ಟೊಂದು ಹಟ ಯಾಕೆ ಅನ್ನುವ ಪ್ರಶ್ನೆ ನೋಡುವವರಿಗೆ ಬಂದೇ ಬರುತ್ತದೆ.

ಇದಕ್ಕೆ ರಾಜಕೀಯದ ಉತ್ತರಗಳು ಬೇರೆ ಇವೆ. ಇಲ್ಲಿ ಹೇಳಹೊರಟಿರುವುದು ಧರ್ಮದ ಒಳಗಿನ ಉತ್ತರ. ಯಹೂದಿ ಶಾಸ್ತ್ರದ ಪ್ರಕಾರ ದೇಹ ಮಣ್ಣು ಸೇರುವವರೆಗೆ ಶೋಕದ ಲೆಕ್ಕ ಶುರುವಾಗುವುದೇ ಇಲ್ಲ. ಶುರುವಾಗದ ಮೇಲೆ ಮುಗಿಯುವುದಾದರೂ ಹೇಗೆ?

ಈ ನಿಯಮಗಳು ಬಂದಿದ್ದೆಲ್ಲಿಂದ

ಮೂರು ಪದರ ಇವೆ ಅಂದುಕೊಳ್ಳಿ. ಅಡಿಯಲ್ಲಿ ಹೀಬ್ರೂ ಬೈಬಲ್. ಯೋಸೇಫ ಸತ್ತನೆಂದು ನಂಬಿದ ಯಾಕೋಬ ಬಟ್ಟೆ ಹರಿದುಕೊಂಡು ಅತ್ತ ಕಥೆ, ಎಲ್ಲ ಕಳೆದುಕೊಂಡ ಯೋಬನ ಪಕ್ಕ ಗೆಳೆಯರು ಏಳು ಹಗಲು ಏಳು ರಾತ್ರಿ ಮಾತಿಲ್ಲದೆ ಕೂತ ಕಥೆ, ಎಲ್ಲ ಅದರಲ್ಲಿದೆ. ಅದರ ಮೇಲೆ ತಾಲ್ಮುಡ್. ಅದು ರಬ್ಬಿಗಳು, ಅಂದರೆ ಧರ್ಮಗುರುಗಳು, ಶತಮಾನಗಳ ಕಾಲ ನಡೆಸಿದ ವಾದ, ತೀರ್ಪು, ಕಥೆಗಳ ದೊಡ್ಡ ಸಂಗ್ರಹ. ಶೋಕದ ನಿಯಮಗಳು ಅದರ 'ಮೋಎದ್ ಕಟಾನ್' ಭಾಗದಲ್ಲಿ ಜಾಸ್ತಿ ಸಿಗುತ್ತವೆ. ಮೂರನೆಯದು ಮಧ್ಯಯುಗದಲ್ಲಿ ಮತ್ತು ಆಮೇಲೆ ಬಂದ ಕಾನೂನು ಪುಸ್ತಕಗಳು, ಊರೂರಿನ ಪದ್ಧತಿಗಳು.

ಎಲ್ಲ ಯಹೂದಿಯರೂ ಇಷ್ಟನ್ನೂ ಪಾಲಿಸುತ್ತಾರೆ ಅಂತಲ್ಲ. ಆರ್ಥೊಡಾಕ್ಸ್ ಅನ್ನಿಸಿಕೊಂಡವರು ಬಿಗಿ. ರಿಫಾರ್ಮ್ ಪಂಥದವರು ಸಾಕಷ್ಟು ಸಡಿಲ. ಯುರೋಪಿನ ಅಶ್ಕೆನಾಜಿಗಳಿಗೂ, ಸ್ಪೇನ್ ಮೂಲದ ಸೆಫಾರ್ಡಿಗಳಿಗೂ, ಅರಬ್ ದೇಶಗಳಿಂದ ಬಂದವರಿಗೂ ಪದ್ಧತಿಯಲ್ಲಿ ವ್ಯತ್ಯಾಸ ಇದೆ. ಆದರೆ ದೇವರನ್ನು ನಂಬದ ಯಹೂದಿಯರಲ್ಲೂ ಎಷ್ಟೋ ಜನ ಅಪ್ಪ ಅಮ್ಮ ಹೋದಾಗ ಮಾತ್ರ ಈ ದಾರಿಗೆ ಬರುತ್ತಾರೆ.

ಸಾವಿನಿಂದ ಮಣ್ಣಿನವರೆಗೆ

ಸಾವಿನ ಸುದ್ದಿ ಕೇಳಿದ ಕೂಡಲೇ ಹೇಳುವ ಮಾತೊಂದಿದೆ: 'ಬಾರುಖ್ ದಯಾನ್ ಹಎಮೆತ್.' ಸತ್ಯದ ನ್ಯಾಯಾಧೀಶನಿಗೆ ಸ್ತೋತ್ರ ಅಂತ ಅರ್ಥ. ಒಳ್ಳೆಯ ಸುದ್ದಿಗೆ ದೇವರನ್ನು ಹೊಗಳುವಂತೆ ಕೆಟ್ಟ ಸುದ್ದಿಗೂ ಹೊಗಳಬೇಕು ಅನ್ನುವುದು ಹಳೆಯ ನಿಯಮ.

ಆ ಗಳಿಗೆಯಿಂದ ಮಣ್ಣು ಮಾಡುವವರೆಗೆ ಹತ್ತಿರದ ಸಂಬಂಧಿಯನ್ನು 'ಓನೆನ್' ಅನ್ನುತ್ತಾರೆ. ಹತ್ತಿರದವರು ಅಂದರೆ ಏಳು ಸಂಬಂಧ: ಅಪ್ಪ, ಅಮ್ಮ, ಮಗ, ಮಗಳು, ಅಣ್ಣತಮ್ಮ, ಅಕ್ಕತಂಗಿ, ಗಂಡ ಅಥವಾ ಹೆಂಡತಿ. ಓನೆನ್‌ಗೆ ದಿನದ ಪ್ರಾರ್ಥನೆಯ ಕಡ್ಡಾಯ ಇಲ್ಲ. ಮಾಂಸ, ವೈನ್ ಮುಟ್ಟುವ ಹಾಗಿಲ್ಲ. ಅವನಿಗಿರುವುದು ಒಂದೇ ಕೆಲಸ, ಅಂತ್ಯಕ್ರಿಯೆ ನೋಡಿಕೊಳ್ಳುವುದು. ಬೇರೆಯವರು ಬಂದು ಈಗ ಸಮಾಧಾನ ಹೇಳಲೂಬಾರದು. "ಸತ್ತವರು ಎದುರಿಗೆ ಮಲಗಿರುವಾಗ ಸಮಾಧಾನ ಮಾಡಬೇಡ" ಅಂತ ಸುಮಾರು 1800 ವರ್ಷದ ಹಿಂದೆಯೇ ಬರೆದಿಟ್ಟಿದ್ದಾರೆ. ಆ ಹೊತ್ತಿನಲ್ಲಿ ಯಾವ ಮಾತೂ ತಲೆಗೆ ಹೋಗುವುದಿಲ್ಲ, ಅಲ್ವಾ?

ಹಾಗಾಗಿ ಎಲ್ಲ ಬೇಗ ಬೇಗ. ಸಾಧ್ಯವಾದರೆ ಅದೇ ದಿನ, ಇಲ್ಲವಾದರೆ ಮರುದಿನ. ಜೆರುಸಲೇಮಿನಲ್ಲಂತೂ ಶವವನ್ನು ರಾತ್ರಿ ಇಟ್ಟುಕೊಳ್ಳಬಾರದೆಂಬ ಪದ್ಧತಿ ಇದೆ. ಸಾಂಪ್ರದಾಯಿಕರಲ್ಲಿ ಸುಡುವುದಿಲ್ಲ, ಹೂಳುತ್ತಾರೆ.

ದೇಹ ಸಿದ್ಧಪಡಿಸುವುದು ಮನೆಯವರ ಕೆಲಸವಲ್ಲ. ಅದಕ್ಕೆ ಪ್ರತಿ ಸಮುದಾಯದಲ್ಲೂ 'ಖೆವ್ರಾ ಕದೀಶಾ' ಅನ್ನುವ ತಂಡ ಇರುತ್ತದೆ. ಹೆಚ್ಚಿನ ಕಡೆ ಸ್ವಯಂಸೇವಕರೇ. ಗಂಡಸರ ದೇಹ ಗಂಡಸರು, ಹೆಂಗಸರ ದೇಹ ಹೆಂಗಸರು ತೊಳೆಯುತ್ತಾರೆ. ತೊಳೆಯುವಾಗ ಇಡೀ ದೇಹ ತೆರೆದಿಡುವುದಿಲ್ಲ. ಒಂದು ಭಾಗ ತೊಳೆದು ಮುಚ್ಚಿ, ಆಮೇಲೆ ಮುಂದಿನದು. ಬೇಡದ ಮಾತಿಲ್ಲ. ದೇಹದ ಮೇಲಿಂದ ಕೈಚಾಚಿ ಸಾಮಾನು ಕೊಡುವುದಿಲ್ಲ, ಸುತ್ತಿಕೊಂಡು ಹೋಗಿ ಕೊಡುತ್ತಾರೆ. ಆಮೇಲೆ ನಡುವೆ ಕಡಿಯದಂತೆ ಒಂದೇ ಧಾರೆಯಾಗಿ ನೀರು ಸುರಿಯುತ್ತಾರೆ. ಇದೆಲ್ಲದರಲ್ಲಿ ಎಲ್ಲಾದರೂ ಅಗೌರವ ಆಗಿದ್ದರೆ ಕ್ಷಮಿಸು ಅಂತ ಸತ್ತವರನ್ನು ಹೆಸರು ಹಿಡಿದು ಕೇಳುತ್ತಾರೆ. ತಿರುಗಿ ಏನೂ ಕೊಡಲಾರದವರಿಗೆ ಮಾಡಿದ ಉಪಕಾರ ಇದು. ಅದಕ್ಕೇ ಇದನ್ನು ಎಲ್ಲಕ್ಕಿಂತ ನಿಜವಾದ ದಯೆ ಅನ್ನುತ್ತಾರೆ.

ಹಿಂಸೆಯಿಂದ ಸತ್ತವರ ವಿಷಯ ಬೇರೆ. ರಕ್ತವೂ ದೇಹದ ಭಾಗ, ಅದನ್ನೂ ಹೂಳಬೇಕು. 2008ರ ನವೆಂಬರ್‌ನಲ್ಲಿ ಮುಂಬೈನ ಯಹೂದಿ ಕೇಂದ್ರ ನಾರಿಮನ್ ಹೌಸ್ ಮೇಲೆ ದಾಳಿ ಆದಾಗ ಇಸ್ರೇಲಿನಿಂದ 'ಝಾಕಾ' ಸಂಸ್ಥೆಯ ಸ್ವಯಂಸೇವಕರು ಬಂದಿದ್ದು ಈ ಕೆಲಸಕ್ಕೇ.

ತೊಳೆದ ದೇಹಕ್ಕೆ ಬಿಳಿ ಬಟ್ಟೆ. ಜೇಬಿಲ್ಲ. ಬಡವ ಶ್ರೀಮಂತ ಎಲ್ಲರಿಗೂ ಒಂದೇ. ಇದಕ್ಕೊಂದು ಕಥೆ ತಾಲ್ಮುಡ್‌ನಲ್ಲಿದೆ. ಒಂದು ಕಾಲದಲ್ಲಿ ಅಂತ್ಯಕ್ರಿಯೆಯ ಖರ್ಚು ಸಾವಿಗಿಂತ ದೊಡ್ಡ ಕಷ್ಟವಾಗಿತ್ತಂತೆ. ಎಷ್ಟೆಂದರೆ ಸಂಬಂಧಿಕರು ಹೆಣ ಬಿಟ್ಟು ಓಡಿಹೋಗುತ್ತಿದ್ದರಂತೆ. ಆಗ ದೊಡ್ಡ ಮನೆತನದ ರಬ್ಬಾನ್ ಗಮ್ಲಿಯೇಲ್ ತನ್ನನ್ನು ಸಾದಾ ನಾರುಬಟ್ಟೆಯಲ್ಲಿ ಹೂಳಿ ಅಂತ ಹೇಳಿ ಹೋದ. ಅಷ್ಟು ದೊಡ್ಡವನೇ ಹಾಗೆ ಹೋದ ಮೇಲೆ ಉಳಿದವರಿಗೆ ನಾಚಿಕೆ ಯಾಕೆ? ಪದ್ಧತಿ ಅಲ್ಲಿಂದ ಬದಲಾಯಿತು. ಸಾಲ ಮಾಡಿ ತಿಥಿ ಮಾಡುವುದು ಗೊತ್ತಿರುವ ಯಾರಿಗೂ ಈ ಕಥೆ ದೂರದ್ದು ಅನ್ನಿಸಲಿಕ್ಕಿಲ್ಲ.

ಇಸ್ರೇಲಿನಲ್ಲಿ ಸಾಮಾನ್ಯವಾಗಿ ಪೆಟ್ಟಿಗೆಯೇ ಇಲ್ಲ, ದೇಹ ನೇರ ಮಣ್ಣಿಗೆ. ಬೇರೆ ದೇಶಗಳಲ್ಲಿ ಸಾದಾ ಮರದ ಪೆಟ್ಟಿಗೆ. ಗುಂಡಿ ಮುಚ್ಚುವುದು ಮನೆಯವರು, ಬಂದವರು ಸೇರಿ. ಹಲವು ಕಡೆ ಮೊದಲ ಮಣ್ಣನ್ನು ಸಲಿಕೆಯ ಬೆನ್ನಿನಿಂದ ಹಾಕುತ್ತಾರೆ. ಇದು ದಿನದ ಕೆಲಸ ಅಲ್ಲ, ಮನಸ್ಸಿಲ್ಲದೆ ಮಾಡುವ ಕೆಲಸ ಅಂತ ತೋರಿಸಲು. ಒಬ್ಬರ ಕೈಯಿಂದ ಒಬ್ಬರು ಸಲಿಕೆ ತೆಗೆದುಕೊಳ್ಳುವುದಿಲ್ಲ. ಮಣ್ಣಿಗೆ ಚುಚ್ಚಿ ಬಿಡುತ್ತಾರೆ, ಮುಂದಿನವರು ಎತ್ತಿಕೊಳ್ಳುತ್ತಾರೆ.

ಹರಿದ ಬಟ್ಟೆ

ಬಟ್ಟೆ ಹರಿಯುವ ಪದ್ಧತಿಗೆ 'ಕ್ರಿಯಾ' ಅಂತ ಹೆಸರು. ಇದರ ಸೂಕ್ಷ್ಮಗಳನ್ನು ನೋಡಿದರೆ ಇಡೀ ವ್ಯವಸ್ಥೆಯ ಮನಸ್ಸು ಗೊತ್ತಾಗುತ್ತದೆ. ಅದಕ್ಕೇ ಇಲ್ಲಿ ಸ್ವಲ್ಪ ನಿಲ್ಲೋಣ.

ನಿಂತುಕೊಂಡೇ ಹರಿಯಬೇಕು. ಕೂತು ಹರಿದರೆ ಲೆಕ್ಕಕ್ಕಿಲ್ಲ. ಸಾಮಾನ್ಯವಾಗಿ ಹೂಳುವ ಮುಂಚೆ ಯಾರಾದರೂ ಬ್ಲೇಡಿನಲ್ಲಿ ಸಣ್ಣ ಸೀಳು ಹಾಕಿ ಕೊಡುತ್ತಾರೆ, ದುಃಖದಲ್ಲಿರುವವನು ಅದನ್ನು ಕೈಯಿಂದ ಎಳೆದು ದೊಡ್ಡದು ಮಾಡುತ್ತಾನೆ. ಅಪ್ಪ ಅಮ್ಮನಿಗಾದರೆ ಎಡಗಡೆ, ಎದೆಯ ಮೇಲೆ. ಬೇರೆಯವರಿಗೆ ಬಲಗಡೆ.

ಇನ್ನು ಹೊಲಿಯುವ ಲೆಕ್ಕ. ಮಗ, ಮಗಳು, ಅಣ್ಣ, ತಂಗಿ, ಗಂಡ, ಹೆಂಡತಿ ಹೋದರೆ ಏಳು ದಿನ ಆದ ಮೇಲೆ ಕಚ್ಚಾ ಹೊಲಿಗೆ ಹಾಕಬಹುದು, ಮೂವತ್ತು ದಿನ ಆದ ಮೇಲೆ ಸರಿಯಾಗಿ ಹೊಲಿಯಬಹುದು. ಅಪ್ಪ ಅಮ್ಮನಿಗಾಗಿ ಹರಿದಿದ್ದಕ್ಕೆ ಮೂವತ್ತು ದಿನ ಆದ ಮೇಲೆ ಕಚ್ಚಾ ಹೊಲಿಗೆ ಮಾತ್ರ. ಮೊದಲಿನ ಹಾಗೆ ಕಾಣುವಂತೆ ಅದನ್ನು ಎಂದಿಗೂ ಹೊಲಿಯುವಂತಿಲ್ಲ.

ಇಷ್ಟರ ಜೊತೆಗೆ ಒಂದು ಬೇಲಿಯೂ ಇದೆ. ಮೈ ಕೊಯ್ದುಕೊಳ್ಳುವುದು, ಸತ್ತವರಿಗಾಗಿ ತಲೆ ಬೋಳಿಸಿಕೊಳ್ಳುವುದು ಬೈಬಲ್‌ನಲ್ಲೇ ನಿಷೇಧ. ಬಟ್ಟೆ ಹರಿ, ಮೈ ಹರಿಯಬೇಡ. ಅಳದೆ ಇರುವುದಕ್ಕೂ ಬಿಡುವುದಿಲ್ಲ, ಅಳುತ್ತಲೇ ಇರುವುದಕ್ಕೂ ಬಿಡುವುದಿಲ್ಲ. ಮುಂದೆ ಬರುವ ಹೆಚ್ಚಿನ ನಿಯಮಗಳಲ್ಲಿ ಈ ಎರಡೂ ಒಟ್ಟಿಗೆ ಇರುತ್ತವೆ.

ಅಮೆರಿಕದಲ್ಲಿ ಈಗ ಹಲವರು ಬಟ್ಟೆಯ ಬದಲು ಕಪ್ಪು ರಿಬ್ಬನ್ ಸಿಕ್ಕಿಸಿಕೊಂಡು ಅದನ್ನು ಕತ್ತರಿಸುತ್ತಾರೆ. ಅಂಗಿ ಉಳಿಯುತ್ತದೆ. ಸಾಂಪ್ರದಾಯಿಕರಿಗೆ ಇದು ಅಷ್ಟಾಗಿ ಹಿಡಿಸುವುದಿಲ್ಲ.

ಏಳು ದಿನ ನೆಲದ ಹತ್ತಿರ

ಮಣ್ಣು ಮಾಡಿ ಮುಗಿದ ಕೂಡಲೇ ಬಂದವರು ಎರಡು ಸಾಲಾಗಿ ನಿಲ್ಲುತ್ತಾರೆ. ಮನೆಯವರು ನಡುವೆ ನಡೆದು ಹೋಗುತ್ತಾರೆ. ಈಗ ಸಮಾಧಾನದ ಮಾತು ಹೇಳಬಹುದು. ಅಶ್ಕೆನಾಜಿಗಳು ಹೇಳುವ ಮಾತು ಗೊತ್ತುಮಾಡಿಟ್ಟದ್ದು: "ಜೀಯೋನ್ ಮತ್ತು ಜೆರುಸಲೇಮಿಗಾಗಿ ಶೋಕಿಸುವ ಉಳಿದವರ ನಡುವೆ ದೇವರು ನಿಮ್ಮನ್ನೂ ಸಂತೈಸಲಿ." ಉಳಿದವರ ನಡುವೆ ಅನ್ನುವುದನ್ನು ಗಮನಿಸಿ. ನೀನೊಬ್ಬನೇ ಅಲ್ಲ ಅಂತ ಹೇಳುವ ರೀತಿ ಇದು.

ಇಲ್ಲಿಂದ 'ಶಿವಾ' ಶುರು. ಹೀಬ್ರೂನಲ್ಲಿ ಏಳು ಅಂತ ಅಷ್ಟೇ, ನಮ್ಮ ಶಿವನಿಗೂ ಇದಕ್ಕೂ ಸಂಬಂಧ ಇಲ್ಲ.

ಮನೆಗೆ ಬಂದ ಮೇಲೆ ಮೊದಲ ಊಟ ಸ್ವಂತ ಮನೆಯದ್ದಾಗಿರಬಾರದು. ನೆರೆಯವರು ತರಬೇಕು. ಬೇಯಿಸಿದ ಮೊಟ್ಟೆ, ಬೇಳೆ, ರೊಟ್ಟಿ. ದುಂಡಗಿನ ಆಹಾರ ಯಾಕೆ ಅಂದರೆ ದುಃಖ ಲೋಕದಲ್ಲಿ ಚಕ್ರದಂತೆ ಸುತ್ತುತ್ತಿರುತ್ತದೆ. ಇನ್ನೊಂದು ಕಾರಣ ನನಗೆ ಹೆಚ್ಚು ಇಷ್ಟ. ಬೇಳೆಕಾಳಿಗೆ ಬೇರೆ ಕಾಳುಗಳ ಹಾಗೆ ಸೀಳು ಇಲ್ಲ, ಬಾಯಿ ಇಲ್ಲ. ದುಃಖದಲ್ಲಿರುವವನಿಗೂ ಬಾಯಿ ಇಲ್ಲ.

ಶಿವಾ ಮನೆಯಲ್ಲಿ ಮನೆಯವರು ಗಿಡ್ಡ ಸ್ಟೂಲಿನ ಮೇಲೆ ಅಥವಾ ನೆಲದ ಮೇಲೆ ಕೂರುತ್ತಾರೆ. ಚರ್ಮದ ಚಪ್ಪಲಿ, ಶೂ ಇಲ್ಲ. ಸುಖಕ್ಕಾಗಿ ಸ್ನಾನ ಇಲ್ಲ, ಒಗೆದ ಹೊಸ ಬಟ್ಟೆ ಇಲ್ಲ, ಕ್ಷೌರ ಇಲ್ಲ. ಗಂಡ ಹೆಂಡತಿ ದೂರ. ಕೆಲಸಕ್ಕೆ ಹೋಗುವ ಹಾಗಿಲ್ಲ. ಕನ್ನಡಿಗಳಿಗೆ ಬಟ್ಟೆ ಮುಚ್ಚುವ ಪದ್ಧತಿ ಹಲವು ಕಡೆ ಇದೆ. ಧರ್ಮಗ್ರಂಥ ಓದುವುದು ಸಂತೋಷದ ಕೆಲಸ ಅನ್ನಿಸಿಕೊಂಡಿರುವುದರಿಂದ ಅದೂ ಬಂದ್. ಯೋಬನ ಪುಸ್ತಕ, ಪ್ರಲಾಪಗಳು, ಶೋಕದ ನಿಯಮಗಳು, ಇಂಥವನ್ನು ಮಾತ್ರ ಓದಬಹುದು.

ನಮ್ಮ ಓದುಗರಿಗೆ ತಟ್ಟನೆ ಸೂತಕ ನೆನಪಾಗಬಹುದು. ಹೊರನೋಟಕ್ಕೆ ಹೋಲಿಕೆ ಇದೆ. ಆದರೆ ಒಂದು ದೊಡ್ಡ ವ್ಯತ್ಯಾಸ: ಸೂತಕದ ಮನೆಯಲ್ಲಿ ಬಂದವರು ಮೈಲಿಗೆ ಅಂತ ನೀರು ಮುಟ್ಟದೆ ಹೋಗುವುದುಂಟು. ಶಿವಾದಲ್ಲಿ ಮೈಲಿಗೆಯ ಮಾತಿಲ್ಲ. ಆ ಮನೆಗೆ ಜನ ಬರಲೇಬೇಕು, ಅಡುಗೆ ತರಬೇಕು, ಅಲ್ಲೇ ಕೂತು ಪ್ರಾರ್ಥನೆ ಮಾಡಬೇಕು.

ಬರುವುದು ಎಷ್ಟು ಮುಖ್ಯ ಅಂದರೆ, ಕೈಯಲ್ಲಿ ಕಾಸಿಲ್ಲದವನು ಮೂರು ದಿನ ಕಳೆದ ಮೇಲೆ ಮನೆಯಲ್ಲೇ ಮರೆಯಾಗಿ ಕೆಲಸ ಮಾಡಬಹುದು ಅಂತ ಶಾಸ್ತ್ರ ಒಪ್ಪುತ್ತದೆ. ಹಾಗೆ ಒಪ್ಪಿದ ಉಸಿರಿನಲ್ಲೇ, ಅವನನ್ನು ಆ ಸ್ಥಿತಿಗೆ ಬಿಟ್ಟ ನೆರೆಹೊರೆಯವರಿಗೆ ಶಾಪ ತಟ್ಟಲಿ ಅನ್ನುತ್ತದೆ. ಬೈಗುಳ ಬೀಳುವುದು ದುಡಿದವನಿಗಲ್ಲ, ಪಕ್ಕದ ಮನೆಯವರಿಗೆ.

ಏಳನೆಯ ದಿನ ಬೆಳಿಗ್ಗೆ ಸ್ವಲ್ಪ ಹೊತ್ತು ಕೂತರೆ ಸಾಕು, ದಿನ ಮುಗಿದ ಲೆಕ್ಕ. ಬಂದವರು 'ಏಳಿ' ಅನ್ನುತ್ತಾರೆ. ಹಲವು ಕಡೆ ಮನೆಯವರು ಹೊರಗೆ ಬಂದು ಬೀದಿಯಲ್ಲಿ ಒಂದು ಸುತ್ತು ನಡೆದು ಬರುತ್ತಾರೆ.

ನಡುವೆ ಶನಿವಾರದ ಸಬ್ಬತ್ ಬಂದರೆ? ಆ ದಿನ ಹೊರಗೆ ಶೋಕ ತೋರಿಸುವಂತಿಲ್ಲ. ಹರಿದ ಬಟ್ಟೆ ಬದಲಿಸಬೇಕು, ಶೂ ಹಾಕಬೇಕು. ದಿನ ಮಾತ್ರ ಏಳರ ಲೆಕ್ಕಕ್ಕೆ ಸೇರುತ್ತದೆ. ಪಸ್ಕದಂಥ ದೊಡ್ಡ ಹಬ್ಬ ಬಂದರೆ ಇನ್ನೂ ಆಶ್ಚರ್ಯ: ಉಳಿದ ಶಿವಾ ಅಲ್ಲಿಗೇ ರದ್ದು. ಹಬ್ಬದ ಹಿಂದಿನ ದಿನ ಮಣ್ಣು ಮಾಡಿ ಸ್ವಲ್ಪ ಹೊತ್ತು ಕೂತಿದ್ದರೂ ಸರಿ, ಏಳು ದಿನವೂ ಮುಗಿದ ಹಾಗೆ. ಮಂದಿಯ ಹಬ್ಬ ಒಬ್ಬನ ದುಃಖಕ್ಕಿಂತ ದೊಡ್ಡದು ಅನ್ನುವುದು ಇದರ ಹಿಂದಿನ ಯೋಚನೆ. ಆ ಸಂಜೆ ಎದ್ದು ಹಬ್ಬದೂಟಕ್ಕೆ ಕೂರಬೇಕಾದವರಿಗೆ ಇದು ಸುಲಭ ಅಂತ ಹೇಳಲಾರೆ.

ಮೂವತ್ತು, ಆಮೇಲೆ ಹನ್ನೆರಡು ತಿಂಗಳು

ಎರಡನೆಯ ಮೆಟ್ಟಿಲು 'ಶ್ಲೋಶಿಮ್', ಅಂದರೆ ಮೂವತ್ತು ದಿನ. ಮಣ್ಣು ಮಾಡಿದ ದಿನದಿಂದಲೇ ಎಣಿಕೆ. ಕೆಲಸಕ್ಕೆ ಹೋಗಬಹುದು, ಮಾಮೂಲಿ ಕುರ್ಚಿಯಲ್ಲಿ ಕೂರಬಹುದು. ಕ್ಷೌರ, ಮದುವೆ, ಪಾರ್ಟಿ ಇಲ್ಲ. ಗಂಡ, ಹೆಂಡತಿ, ಮಕ್ಕಳು, ಒಡಹುಟ್ಟಿದವರಿಗಾದರೆ ಶೋಕದ ಕಾಲ ಇಲ್ಲಿಗೆ ಮುಗಿಯಿತು.

ಅಪ್ಪ ಅಮ್ಮನಿಗೆ ಮಾತ್ರ ಹನ್ನೆರಡು ತಿಂಗಳು. ಹಾಗಾದರೆ ಮಗು ಕಳೆದುಕೊಂಡವರ ದುಃಖ ಚಿಕ್ಕದೇ? ಈ ಪ್ರಶ್ನೆ ಎಲ್ಲರೂ ಕೇಳುತ್ತಾರೆ. ಉತ್ತರ ಸಾಮಾನ್ಯವಾಗಿ ಹೀಗೆ: ವರ್ಷದ ಅವಧಿ ದುಃಖದ ಅಳತೆ ಅಲ್ಲ, ತಂದೆತಾಯಿಗೆ ಸಲ್ಲಿಸಬೇಕಾದ ಗೌರವದ ಅಳತೆ. ಬೈಬಲ್‌ನ ಹತ್ತು ಆಜ್ಞೆಗಳಲ್ಲಿ ಅದೂ ಒಂದು.

ಈ ವರ್ಷದೊಳಗೆ ಕೂದಲಿನ ನಿಯಮ ಒಂದಿದೆ. ಅಪ್ಪ ಅಮ್ಮ ಹೋದವರು ಮೂವತ್ತು ದಿನ ಕಳೆದ ಮೇಲೂ ತಾವಾಗಿ ಕ್ಷೌರ ಮಾಡಿಸಿಕೊಳ್ಳುವಂತಿಲ್ಲ. ಎಲ್ಲಿಯವರೆಗೆ? "ಗೆಳೆಯರು ಗದರುವವರೆಗೆ." ಏನಯ್ಯಾ ಇದು ಅವತಾರ, ಹೋಗಿ ಕತ್ತರಿಸಿಕೊಂಡು ಬಾ ಅಂತ ಒಬ್ಬ ಗೆಳೆಯ ಹೇಳಬೇಕು. ಆಗ ಹೋಗಬಹುದು. ಶೋಕ ಸಾಕು ಅಂತ ತೀರ್ಮಾನಿಸುವ ಹೊರೆಯನ್ನು ಮಗನ ತಲೆಯಿಂದ ಇಳಿಸಿ ಗೆಳೆಯನ ಬಾಯಿಗೆ ಕೊಟ್ಟಿದ್ದಾರೆ. ಎಷ್ಟು ಜಾಣತನ ನೋಡಿ.

ಮೆಟ್ಟಿಲುಗಳ ಬಗ್ಗೆ ತಾಲ್ಮುಡ್ ಹೇಳುವುದು ಚುಟುಕಾಗಿದೆ. ಮೂರು ದಿನ ಅಳುವುದಕ್ಕೆ, ಏಳು ದಿನ ಸತ್ತವರ ಗುಣಗಾನಕ್ಕೆ, ಮೂವತ್ತು ದಿನ ಇಸ್ತ್ರಿ ಬಟ್ಟೆ, ಕ್ಷೌರ ಬಿಡುವುದಕ್ಕೆ. ಅದಕ್ಕಿಂತ ಮುಂದೆ ಹೋದರೆ ದೇವರು ಕೇಳುತ್ತಾನಂತೆ: "ಅವನ ಮೇಲೆ ನನಗಿಂತ ನಿಮಗೆ ಕರುಣೆ ಹೆಚ್ಚೋ?"

ಸಾವಿನ ಹೆಸರೆತ್ತದ ಪ್ರಾರ್ಥನೆ

ಸಿನಿಮಾಗಳಲ್ಲಿ ಯಹೂದಿ ಅಂತ್ಯಕ್ರಿಯೆ ತೋರಿಸಿದರೆ 'ಕದ್ದಿಶ್' ಕೇಳಿಯೇ ಕೇಳಿಸುತ್ತದೆ. 'ಯಿತ್ಗದ್ದಲ್ ವೆಯಿತ್ಕದ್ದಶ್ ಶ್ಮೇ ರಬ್ಬಾ' ಅಂತ ಶುರುವಾಗುತ್ತದೆ. ಭಾಷೆ ಹೆಚ್ಚಾಗಿ ಅರಮಾಯಿಕ್, ಅಂದಿನ ಆಡುಮಾತು. ಇದರಲ್ಲಿ ಸಾವು, ಆತ್ಮ ಯಾವುದರ ಮಾತೂ ಇಲ್ಲ. ಸತ್ತವರ ಹೆಸರೂ ಇಲ್ಲ. ಇರುವುದು ದೇವರ ಮಹಾನಾಮ ಬೆಳಗಲಿ ಅನ್ನುವ ಸ್ತುತಿ, ಕೊನೆಗೆ ಎಲ್ಲರಿಗೂ ಶಾಂತಿ ಸಿಗಲಿ ಅನ್ನುವ ಬೇಡಿಕೆ.

ಕದ್ದಿಶ್ ಹಳೆಯದು. ಆದರೆ ದುಃಖದಲ್ಲಿರುವವರು ಹೇಳುವ ಪದ್ಧತಿ ಬೆಳೆದಿದ್ದು ಮಧ್ಯಯುಗದ ಜರ್ಮನಿಯ ಕಡೆ. ಅಲ್ಲಿ 1096ರ ಮೊದಲ ಕ್ರೈಸ್ತ ಧರ್ಮಯುದ್ಧದ (ಕ್ರುಸೇಡ್) ಹೊತ್ತಿನಲ್ಲಿ ರೈನ್ ನದಿ ದಂಡೆಯ ಯಹೂದಿ ಊರುಗಳಲ್ಲಿ ಕಗ್ಗೊಲೆ ನಡೆದಿತ್ತು.

ಇದನ್ನು ಒಬ್ಬರೇ ಹೇಳುವಂತಿಲ್ಲ. ಹತ್ತು ಜನ ವಯಸ್ಕರು ಬೇಕು. ಈ ಹತ್ತರ ಗುಂಪಿಗೆ 'ಮಿನ್ಯಾನ್' ಅಂತ ಹೆಸರು. ಹೇಳುವವರು ಒಂದು ಸಾಲು ಹೇಳಿದರೆ ಉಳಿದವರು 'ಆಮೆನ್' ಅನ್ನಬೇಕು. ದಿನಕ್ಕೆ ಮೂರು ಹೊತ್ತಿನ ಪ್ರಾರ್ಥನೆಯಲ್ಲೂ ಇದೆ. ಅಂದರೆ ಅಪ್ಪನಿಗೆ ಕದ್ದಿಶ್ ಹೇಳಬೇಕು ಅಂದುಕೊಂಡವರು ದಿನಾ ಎದ್ದು ಸಿನಗಾಗ್‌ಗೆ, ಅಂದರೆ ಯಹೂದಿ ಪ್ರಾರ್ಥನಾ ಮಂದಿರಕ್ಕೆ, ಹೋಗಿ ಒಂಬತ್ತು ಜನರ ಮುಖ ನೋಡಲೇಬೇಕು. ಮನೆಯಲ್ಲಿ ಬಾಗಿಲು ಹಾಕಿಕೊಂಡು ಕೂರುವುದಕ್ಕೆ ಅವಕಾಶವೇ ಇಲ್ಲ.

ಶೋಕ ಹನ್ನೆರಡು ತಿಂಗಳಾದರೂ ಕದ್ದಿಶ್ ಹೇಳುವುದು ಹನ್ನೊಂದೇ ತಿಂಗಳು. ಕೆಟ್ಟವರಿಗೆ ಸತ್ತ ಮೇಲೆ ಹನ್ನೆರಡು ತಿಂಗಳ ಶಿಕ್ಷೆ ಅಂತ ಹಳೆಯ ಮಾತು. ಪೂರ್ತಿ ಹನ್ನೆರಡು ತಿಂಗಳು ಹೇಳಿದರೆ ನಮ್ಮಪ್ಪ ಅಂಥವನು ಅಂತ ನಾವೇ ಒಪ್ಪಿದ ಹಾಗಾಗುತ್ತದಲ್ಲ! ಅದಕ್ಕೆ ಒಂದು ತಿಂಗಳು ಮುಂಚೆಯೇ ನಿಲ್ಲಿಸುತ್ತಾರೆ.

ಹಿಂದೆ ಇದು ಗಂಡುಮಕ್ಕಳ ಕೆಲಸವಾಗಿತ್ತು. ಆರ್ಥೊಡಾಕ್ಸ್ ಸಿನಗಾಗ್‌ಗಳಲ್ಲಿ ಇಂದಿಗೂ ಹತ್ತರ ಲೆಕ್ಕಕ್ಕೆ ಗಂಡಸರೇ. 1916ರಲ್ಲಿ ಅಮೆರಿಕದ ಯಹೂದಿ ನಾಯಕಿ ಹೆನ್ರಿಯೆಟ್ಟಾ ಝೋಲ್ಡ್ ಅವರ ತಾಯಿ ತೀರಿಕೊಂಡರು. ಆ ಮನೆಯಲ್ಲಿ ಎಲ್ಲ ಹೆಣ್ಣುಮಕ್ಕಳೇ. ಕುಟುಂಬದ ಗೆಳೆಯರೊಬ್ಬರು ನಾನು ಕದ್ದಿಶ್ ಹೇಳುತ್ತೇನೆ ಅಂತ ಮುಂದೆ ಬಂದರು. ಝೋಲ್ಡ್ ತುಂಬ ಪ್ರೀತಿಯಿಂದ ಕಾಗದ ಬರೆದು ಬೇಡ ಅಂದರು. ತಮ್ಮ ತಂದೆತಾಯಿಗೆ ಎಂಟು ಹೆಣ್ಣುಮಕ್ಕಳು, ಒಬ್ಬ ಮಗನಿಲ್ಲ ಅಂತ ಅವರು ಒಮ್ಮೆಯೂ ಕೊರಗಲಿಲ್ಲ, ನಾವೇ ಹೇಳುತ್ತೇವೆ ಅನ್ನುವುದು ಅದರ ಸಾರ. ಇಂದು ನಡುದಾರಿಯ ಕನ್ಸರ್ವೇಟಿವ್ ಪಂಥದ ಮತ್ತು ರಿಫಾರ್ಮ್ ಸಿನಗಾಗ್‌ಗಳಲ್ಲಿ ಹೆಂಗಸರು ಕದ್ದಿಶ್ ಹೇಳುವುದು ಮಾಮೂಲು. ಆರ್ಥೊಡಾಕ್ಸ್ ವಲಯದಲ್ಲೂ ಹೇಳುವವರಿದ್ದಾರೆ.

ದೇಹ ಸಿಗದಿದ್ದರೆ

ಈಗ ಮೊದಲಿನ ಪ್ರಶ್ನೆ. ಮಣ್ಣು ಮಾಡಿದ ಮೇಲೆ ಶಿವಾ, ಶಿವಾ ಆದ ಮೇಲೆ ಮೂವತ್ತು, ಆಮೇಲೆ ವರ್ಷ. ಮೊದಲ ಮೆಟ್ಟಿಲೇ ಇಲ್ಲದವರು ಎಲ್ಲಿ ಕಾಲಿಡಬೇಕು?

ಶಾಸ್ತ್ರ ಇದಕ್ಕೂ ದಾರಿ ಇಟ್ಟಿದೆ. ಸತ್ತಿರುವುದು ಖಚಿತ, ದೇಹ ಮಾತ್ರ ಸಿಗುತ್ತಿಲ್ಲ ಅಂದಾಗ, ಹೂಳಲು ದೇಹ ಸಿಗುತ್ತದೆ ಅನ್ನುವ ಆಸೆಯನ್ನು ಮನೆಯವರು ಬಿಟ್ಟ ದಿನದಿಂದ ಎಣಿಕೆ ಶುರುಮಾಡಬಹುದು. ಓದುವುದಕ್ಕೆ ಸರಳ. ಆದರೆ ಮಗನನ್ನು ಕಳೆದುಕೊಂಡ ತಾಯಿ 'ಇವತ್ತಿಗೆ ಆಸೆ ಬಿಟ್ಟೆ' ಅಂತ ತಾನೇ ದಿನ ಗೊತ್ತುಮಾಡಬೇಕು. 2023ರ ಅಕ್ಟೋಬರ್ 7ರ ಹಮಾಸ್ ದಾಳಿಯ ನಂತರ ಕೆಲವು ಕುಟುಂಬಗಳು ದೇಹವಿಲ್ಲದೆಯೇ ಶಿವಾ ಕೂತವು. ದೇಹಕ್ಕಾಗಿ ಅಷ್ಟು ಒತ್ತಾಯ ಇದ್ದದ್ದರ ಹಿಂದೆ ಈ ಕಟ್ಟುಪಾಡಿನ ನೆನಪು ಇದೆ.

ಹತ್ಯಾಕಾಂಡದ ಕಾಲದಲ್ಲಿ ನಾಜಿಗಳು ಕೊಂದ ಸುಮಾರು 60 ಲಕ್ಷ ಯಹೂದಿಯರಲ್ಲಿ ಹೆಚ್ಚಿನವರಿಗೆ ಸಮಾಧಿಯೂ ಇಲ್ಲ, ಸತ್ತ ದಿನವೂ ಗೊತ್ತಿಲ್ಲ. ದಿನ ಗೊತ್ತಿಲ್ಲದ ಮೇಲೆ ವರ್ಷಕ್ಕೊಮ್ಮೆ ಕದ್ದಿಶ್ ಹೇಳುವುದು ಯಾವತ್ತು? ಇಸ್ರೇಲಿನ ಮುಖ್ಯ ರಬ್ಬಿ ಪೀಠ ಇದಕ್ಕಾಗಿ ಹೀಬ್ರೂ ಪಂಚಾಂಗದ ತೇವೆತ್ ತಿಂಗಳ 10ನೇ ದಿನವನ್ನು ಗೊತ್ತುಮಾಡಿತು. ದಿನ ಗೊತ್ತಿಲ್ಲದವರಿಗೆಲ್ಲ ಅದೇ ದಿನ.

ಜೆರುಸಲೇಮಿನ ಹತ್ಯಾಕಾಂಡ ಸ್ಮಾರಕ ಯಾದ್ ವಶೇಮ್ ಸ್ಥಾಪನೆಯಾದದ್ದು 1953ರಲ್ಲಿ. ಅಲ್ಲಿ ಒಬ್ಬೊಬ್ಬರಿಗೆ ಒಂದೊಂದು ಹಾಳೆ ಇದೆ. ಹೆಸರು, ಊರು, ಅಪ್ಪ ಅಮ್ಮನ ಹೆಸರು, ಏನು ಕೆಲಸ ಮಾಡುತ್ತಿದ್ದರು, ಸಿಕ್ಕರೆ ಒಂದು ಫೋಟೋ. ಬದುಕುಳಿದವರು, ಸಂಬಂಧಿಕರು ತುಂಬಿ ಕೊಟ್ಟವು. ಇವುಗಳಿಂದ ಮತ್ತು ಬೇರೆ ದಾಖಲೆಗಳಿಂದ ಈವರೆಗೆ ಸುಮಾರು 50 ಲಕ್ಷ ಹೆಸರು ಸಿಕ್ಕಿವೆ. ಹುಡುಕಾಟ ಇನ್ನೂ ನಡೆದಿದೆ.

ನೆನಪು: ದೀಪ, ಕಲ್ಲು, ಹೆಸರು

ವರ್ಷ ಮುಗಿದ ಮೇಲೆ ಶೋಕ ಇಲ್ಲ, ನೆನಪು ಇದೆ. ಪ್ರತಿ ವರ್ಷ ಹೀಬ್ರೂ ಪಂಚಾಂಗದ ಪ್ರಕಾರ ತೀರಿಕೊಂಡ ದಿನ ಒಂದು ದೀಪ ಹಚ್ಚುತ್ತಾರೆ, ಸುಮಾರು 24 ಗಂಟೆ ಉರಿಯುವಂಥದ್ದು. ಅಶ್ಕೆನಾಜಿಗಳು ಇದನ್ನು 'ಯಾರ್ಝೈಟ್' ಅನ್ನುತ್ತಾರೆ. ಯಹೂದಿ ದಿನ ಸಂಜೆಗೆ ಶುರುವಾಗುವುದರಿಂದ ದೀಪ ಹಚ್ಚುವುದು ಹಿಂದಿನ ಸಂಜೆ.

ವರ್ಷಕ್ಕೆ ನಾಲ್ಕು ಹಬ್ಬಗಳಲ್ಲಿ ಸಿನಗಾಗ್‌ನಲ್ಲಿ 'ಯಿಝ್ಕೋರ್' ಪ್ರಾರ್ಥನೆ ಇರುತ್ತದೆ. ಆಗ ಒಂದು ಪದ್ಧತಿ ಇದೆ. ಅಪ್ಪ ಅಮ್ಮ ಇಬ್ಬರೂ ಬದುಕಿರುವವರು ಎದ್ದು ಹೊರಗೆ ಹೋಗುತ್ತಾರೆ. ಸಣ್ಣ ಮಕ್ಕಳು, ಹುಡುಗ ಹುಡುಗಿಯರು ಅಂಗಳದಲ್ಲಿ ಹರಟೆ ಹೊಡೆಯುತ್ತಿರುತ್ತಾರೆ. ಯಾವುದೋ ಒಂದು ವರ್ಷ ಅವರಲ್ಲೊಬ್ಬರು ಹೊರಗೆ ಬರುವುದಿಲ್ಲ.

ಸಮಾಧಿಗೆ ಹೂವು ಇಡುವುದು ಕಡಿಮೆ. ಸಣ್ಣ ಕಲ್ಲು ಇಡುತ್ತಾರೆ. ಯಾಕೆ ಅನ್ನುವುದಕ್ಕೆ ಹತ್ತು ಜನ ಹತ್ತು ಕಾರಣ ಹೇಳುತ್ತಾರೆ. ನಾನು ಬಂದು ಹೋದೆ ಅನ್ನುವ ಗುರುತು ಅನ್ನುವುದು ಎಲ್ಲಕ್ಕಿಂತ ಸರಳ.

ಹೆಸರಿನ ವಿಷಯದಲ್ಲಿ ಅಶ್ಕೆನಾಜಿಗಳೂ ಸೆಫಾರ್ಡಿಗಳೂ ತದ್ವಿರುದ್ಧ. ಅಶ್ಕೆನಾಜಿಗಳು ತೀರಿಕೊಂಡವರ ಹೆಸರನ್ನು ಮಗುವಿಗೆ ಇಡುತ್ತಾರೆ, ಬದುಕಿರುವವರ ಹೆಸರು ಇಡುವುದಿಲ್ಲ. ಸೆಫಾರ್ಡಿಗಳಲ್ಲಿ ಬದುಕಿರುವ ಅಜ್ಜನ ಹೆಸರು ಮೊಮ್ಮಗನಿಗೆ ಇಡುವುದು ಅಜ್ಜನಿಗೆ ಮರ್ಯಾದೆ.

ಇಡೀ ಜನರ ಶೋಕ ಉಲ್ಟಾ ನಡೆಯುತ್ತದೆ

ಜೆರುಸಲೇಮಿನ ದೇವಾಲಯ ಎರಡು ಸಲ ನಾಶವಾಯಿತು. ಕ್ರಿ.ಪೂ. 586ರಲ್ಲಿ ಬ್ಯಾಬಿಲೋನಿನವರಿಂದ, ಕ್ರಿ.ಶ. 70ರಲ್ಲಿ ರೋಮನ್ನರಿಂದ. ಎರಡನ್ನೂ ಆವ್ ತಿಂಗಳ 9ನೇ ದಿನ ನೆನೆಯುತ್ತಾರೆ, ಜುಲೈ ಅಥವಾ ಆಗಸ್ಟ್‌ನಲ್ಲಿ ಬರುತ್ತದೆ. ಉಪವಾಸ. ಚರ್ಮದ ಶೂ ಇಲ್ಲ, ಸ್ನಾನ ಇಲ್ಲ, ನೆಲದ ಮೇಲೆ ಕೂತು ಪ್ರಲಾಪಗಳ ಓದು. ಶಿವಾ ಮನೆಯ ನಿಯಮಗಳೇ, ಊರಿಗೆಲ್ಲ.

ಆದರೆ ಕ್ರಮ ಉಲ್ಟಾ. ಮನೆಯ ಸಾವಿನಲ್ಲಿ ಬಿಗಿ ಮೊದಲು, ಸಡಿಲ ಆಮೇಲೆ. ಇಲ್ಲಿ ಮೂರು ವಾರ ಮುಂಚೆ ಮದುವೆ, ಸಂಗೀತ, ಕ್ಷೌರ ಬಿಡುವುದರಿಂದ ಮೆಲ್ಲಗೆ ಶುರು. ಕೊನೆಯ ಒಂಬತ್ತು ದಿನ ಮಾಂಸ, ವೈನ್ ಕೂಡ ಇಲ್ಲ. ಆಮೇಲೆ ಆ ದಿನ. ಯಾಕೆ ಹೀಗೆ? ನಿನ್ನೆ ಅಪ್ಪನನ್ನು ಕಳೆದುಕೊಂಡವನಿಗೆ ದುಃಖ ಕಲಿಸಬೇಕಾಗಿಲ್ಲ, ಅದರಿಂದ ಮೆಲ್ಲಗೆ ಹೊರಗೆ ತರಬೇಕು. ಸುಮಾರು 2000 ವರ್ಷದ ಹಿಂದಿನ ನಷ್ಟಕ್ಕೆ ಇವತ್ತಿನವರ ಕಣ್ಣಲ್ಲಿ ತಾನಾಗಿ ನೀರು ಬರುವುದಿಲ್ಲ, ಮೆಲ್ಲಗೆ ಒಳಗೆ ಕರೆದುಕೊಂಡು ಹೋಗಬೇಕು.

ಇಲ್ಲೂ ಅತಿ ಬೇಡ ಅನ್ನುವ ಕಥೆ ಇದೆ. ದೇವಾಲಯ ಬಿದ್ದ ಮೇಲೆ ಕೆಲವರು ಮಾಂಸ ತಿನ್ನುವುದಿಲ್ಲ, ವೈನ್ ಕುಡಿಯುವುದಿಲ್ಲ ಅಂತ ಕೂತರು. ಅವೆರಡೂ ದೇವರಿಗೆ ಅರ್ಪಿಸುತ್ತಿದ್ದ ವಸ್ತುಗಳಲ್ಲವೇ? ರಬ್ಬಿ ಯೆಹೋಶುವ ಹೋಗಿ ಕೇಳಿದ: ಹಾಗಾದರೆ ರೊಟ್ಟಿಯೂ ಬೇಡ, ಹಿಟ್ಟಿನ ನೈವೇದ್ಯವೂ ನಿಂತಿದೆ. ಸರಿ, ಹಣ್ಣು ತಿನ್ನುತ್ತೇವೆ ಅಂದರು. ಮೊದಲ ಫಲದ ಅರ್ಪಣೆಯೂ ನಿಂತಿದೆಯಲ್ಲ. ಬೇರೆ ಹಣ್ಣು ತಿನ್ನುತ್ತೇವೆ. ಹಾಗಾದರೆ ನೀರೂ ಕುಡಿಯಬೇಡಿ, ನೀರಿನ ಅರ್ಪಣೆಯೂ ಇಲ್ಲ. ಅವರು ಸುಮ್ಮನಾದರು. ಆಗ ಅವನು ಹೇಳಿದ: ಶೋಕಿಸದೇ ಇರಲು ಆಗದು, ಅತಿಯಾಗಿ ಶೋಕಿಸಲೂ ಆಗದು. ಮನೆಗೆ ಗಾರೆ ಹಾಕಿ, ಒಂದು ಸ್ವಲ್ಪ ಜಾಗ ಮಾತ್ರ ಹಾಗೇ ಬಿಡಿ.

ಮದುವೆಯಲ್ಲಿ ಮದುಮಗ ಗಾಜಿನ ಲೋಟ ತುಳಿದು ಒಡೆಯುವುದಕ್ಕೆ ಸಾಮಾನ್ಯವಾಗಿ ಕೊಡುವ ಕಾರಣವೂ ದೇವಾಲಯದ ನೆನಪೇ.

ನಮ್ಮ ಹತ್ತಿರದಲ್ಲೂ

ಭಾರತದಲ್ಲಿ ಕೊಂಕಣ, ಮುಂಬೈ ಕಡೆಯ ಬೆನೆ ಇಸ್ರೇಲ್, ಕೊಚ್ಚಿಯ ಯಹೂದಿಯರು, ಬಾಗ್ದಾದಿನಿಂದ ಬಂದವರು ಇದ್ದಾರೆ. ಬೆಂಗಳೂರಿನ ಮೈಸೂರು ರಸ್ತೆ ಕಡೆ ಒಂದು ಪುಟ್ಟ ಯಹೂದಿ ಸ್ಮಶಾನ ಇದೆ. 1904ರಲ್ಲಿ ಮೈಸೂರು ಮಹಾರಾಜರು ಕೊಟ್ಟ ಜಾಗ. ಕೊಚ್ಚಿಯ ಮಟ್ಟಂಚೇರಿಯಲ್ಲಿ 1568ರ ಪರದೇಸಿ ಸಿನಗಾಗ್ ಇದೆ. ಹೆಚ್ಚಿನವರು ಇಸ್ರೇಲಿಗೆ ಹೋಗಿಬಿಟ್ಟಿದ್ದರಿಂದ ಅಲ್ಲಿ ಊರಿನವರೇ ಹತ್ತು ಜನ ಸೇರುವುದು ಎಂದೋ ನಿಂತಿದೆ. ಮಿನ್ಯಾನ್ ಆಗಬೇಕಾದರೆ ಹೊರಗಿನಿಂದ ಬಂದವರನ್ನು ಸೇರಿಸಿಕೊಳ್ಳಬೇಕು. ಹತ್ತು ಜನ ಇಲ್ಲದ ಊರಲ್ಲಿ ಕದ್ದಿಶ್ ಇಲ್ಲ.

ಶಿವಾ ಮನೆಗೆ ಹೋಗಬೇಕಾಗಿ ಬಂದರೆ

ನ್ಯೂಜೆರ್ಸಿಯಲ್ಲೋ ಲಂಡನ್ನಿನಲ್ಲೋ ಇರುವ ಕನ್ನಡಿಗರಿಗೆ ಆಫೀಸಿನ ಯಹೂದಿ ಗೆಳೆಯರ ಮನೆಗೆ ಹೋಗುವ ಸಂದರ್ಭ ಬರಬಹುದು. ಯಹೂದಿಯರಲ್ಲದವರೂ ಹೋಗಬಹುದು. ಮೊದಲ ಮೂರು ದಿನ ತೀರಾ ಹತ್ತಿರದವರಿಗೆ ಬಿಡುವುದು ವಾಡಿಕೆ. ಶುಕ್ರವಾರ ಸಂಜೆಯಿಂದ ಶನಿವಾರ ಸಂಜೆವರೆಗೆ ಹೋಗಬೇಡಿ.

ಬಾಗಿಲು ಸಾಮಾನ್ಯವಾಗಿ ತೆರೆದೇ ಇರುತ್ತದೆ, ಬೆಲ್ ಒತ್ತದೆ ಒಳಗೆ ಹೋಗಿ. ನಮಸ್ಕಾರ, ಹಲೋ, ಹೇಗಿದ್ದೀರಿ ಬೇಡ. ಹೋಗಿ ಹತ್ತಿರ ಕೂರಿ. ಅವರು ಮಾತು ಶುರುಮಾಡುವವರೆಗೆ ನೀವು ಮಾತಾಡಬಾರದು ಅನ್ನುವುದು ನಿಯಮ. ಅವರು ಸುಮ್ಮನಿದ್ದರೆ ನೀವೂ ಸುಮ್ಮನಿರಿ. ಮಾತಾಡಿದರೆ ತೀರಿಕೊಂಡವರ ಬಗ್ಗೆ ನಿಮಗೆ ಗೊತ್ತಿರುವ ಒಂದು ಸಂಗತಿ ಹೇಳಿ. ಅವರು ಎದ್ದು ನಿಮ್ಮನ್ನು ಉಪಚರಿಸಬೇಕಾಗಿಲ್ಲ, ಬಾಗಿಲವರೆಗೆ ಕಳಿಸಿಕೊಡಲೂ ಬೇಕಾಗಿಲ್ಲ. ಅದನ್ನು ಬೇಸರ ಮಾಡಿಕೊಳ್ಳಬೇಡಿ.

ಹೂವು ಒಯ್ಯಬೇಡಿ. ಊಟ ಒಯ್ಯಬಹುದು, ಆದರೆ ಕೋಷರ್, ಅಂದರೆ ಯಹೂದಿ ಆಹಾರ ನಿಯಮ, ಪಾಲಿಸುವ ಮನೆಯಾದರೆ ನಿಮ್ಮ ಅಡುಗೆ ಅವರು ತಿನ್ನಲಾರರು. ಮೊದಲೇ ಕೇಳಿಕೊಳ್ಳಿ. ಕೇಳಲು ಮುಜುಗರ ಆದರೆ ತೀರಿಕೊಂಡವರ ಹೆಸರಲ್ಲಿ ಯಾವುದಾದರೂ ಒಳ್ಳೆಯ ಕೆಲಸಕ್ಕೆ ಸ್ವಲ್ಪ ದುಡ್ಡು ಕೊಟ್ಟು ಒಂದು ಚೀಟಿ ಕಳಿಸಿ, ಸಾಕು.